ಸಹಾಯ ಬೇಕು: ಸ್ಪ್ರಿಂಗ್ ಎಂವಿಸಿ ಪೋರ್ಟಲ್‌ನಲ್ಲಿ ಕನ್ನಡ ಹೆಸರು ಕೆಡುತ್ತಿದೆ

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರದವನು. ಒಣದ್ರಾಕ್ಷಿ ಇಡುವ ಒಂದು ಕೋಲ್ಡ್ ಸ್ಟೋರೇಜ್‌ಗೆ ಪೋರ್ಟಲ್ ಮಾಡುತ್ತಿದ್ದೇನೆ. ರೈತರು ಲಾಗಿನ್ ಆಗಿ ತಮ್ಮ ಬಾಕ್ಸ್ ಎಷ್ಟಿವೆ, ಬಾಡಿಗೆ ಎಷ್ಟಾಗಿದೆ ಅಂತ ನೋಡಬಹುದು. ಬಳಸಿರುವುದು ಜಾವಾದ ವೆಬ್ ಫ್ರೇಮ್‌ವರ್ಕ್ ಸ್ಪ್ರಿಂಗ್ ಎಂವಿಸಿ 5, ಸರ್ವರ್ ಟಾಮ್‌ಕ್ಯಾಟ್ 9, ಡೇಟಾಬೇಸ್ ಮೈಎಸ್‌ಕ್ಯೂಎಲ್.

ನೋಂದಣಿ ಫಾರ್ಮ್‌ನಲ್ಲಿ ಊರಿನ ಹೆಸರು 'ತಿಕೋಟಾ' ಅಂತ ಕನ್ನಡದಲ್ಲಿ ಹಾಕಿ ಸೇವ್ ಮಾಡಿದರೆ, ತಲೆ ಮೇಲೆ ಗೆರೆ ಇರುವ ಇಂಗ್ಲಿಷ್ 'ಎ' ಅಕ್ಷರಗಳ ಸಾಲು ಬರುತ್ತದೆ. ಫಾರ್ಮ್ ಮಾಹಿತಿ ಪಡೆಯುವ ಕಂಟ್ರೋಲರ್ ಕೋಡ್ ಒಳಗೇ, ಡೇಟಾಬೇಸ್‌ಗೆ ಹೋಗುವ ಮೊದಲೇ, ಲಾಗ್ ಹಾಕಿ ನೋಡಿದೆ. ಉದ್ದ 6 ಬರಬೇಕಿತ್ತು, 18 ಬರುತ್ತಿದೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ನಮ್ಮ ಒಂದೊಂದು ಅಕ್ಷರಕ್ಕೂ, ಗುಣಿತದ ಚಿಹ್ನೆಗೂ 3 ಬೈಟ್ ಅಲ್ವಾ? ಅಂದರೆ ಒಂದೊಂದು ಬೈಟನ್ನೂ ಬೇರೆ ಬೇರೆ ಅಕ್ಷರ ಅಂತ ಓದುತ್ತಿದೆ. ಹಾಗಾಗಿ ತಪ್ಪು ಡೇಟಾಬೇಸ್‌ದಲ್ಲ, ಪುಟ ತೋರಿಸುವ ವ್ಯೂದೂ ಅಲ್ಲ. ವೆಬ್ ವಿಳಾಸದ ಜೊತೆಗೇ ಹೋಗುವ ಗೆಟ್‌ನಲ್ಲಿ ಕನ್ನಡ ಹುಡುಕಾಟ ಸರಿ ಇದೆ, ಫಾರ್ಮ್ ಕಳಿಸುವ ಪೋಸ್ಟ್ ಮಾತ್ರ ಕೆಡುತ್ತದೆ.

ಬಂದ ಮಾಹಿತಿಯನ್ನು ಯುಟಿಎಫ್-8 ಅಂತ ಓದಿಸುವ ಕ್ಯಾರೆಕ್ಟರ್ ಎನ್‌ಕೋಡಿಂಗ್ ಫಿಲ್ಟರ್ ಹಾಕಿದ್ದೇನೆ. ಆದರೆ ಲಾಗಿನ್ ನೋಡಿಕೊಳ್ಳುವ ಸ್ಪ್ರಿಂಗ್ ಸೆಕ್ಯುರಿಟಿ ಅದಕ್ಕಿಂತ ಮೊದಲು ಓಡಿ, ಫಾರ್ಮ್ ನಮ್ಮ ಪೋರ್ಟಲ್‌ನದೇ ಅಂತ ಖಚಿತಪಡಿಸುವ ಸಿಎಸ್‌ಆರ್‌ಎಫ್ ಟೋಕನ್ ನೋಡುವಾಗಲೇ ಫಾರ್ಮ್ ಪೂರ್ತಿ ಓದಿಬಿಡುತ್ತದೆ ಅನ್ನೋದು ನನ್ನ ಅನುಮಾನ. ವೆಬ್ ಎಕ್ಸ್‌ಎಂಎಲ್ ಎಂಬ ಸೆಟ್ಟಿಂಗ್ ಫೈಲ್ ಇಲ್ಲದೆ, ಎಲ್ಲಾ ಜಾವಾ ಕ್ಲಾಸ್‌ಗಳಲ್ಲೇ ಬರೆದಿದ್ದೇನೆ. ಹೀಗಿರುವಾಗ ನನ್ನ ಫಿಲ್ಟರನ್ನು ಸೆಕ್ಯುರಿಟಿಗಿಂತ ಮುಂದೆ ತರುವುದು ಹೇಗೆ?

ದಯವಿಟ್ಟು 'ಇಂಗ್ಲಿಷ್‌ನಲ್ಲೇ ಹಾಕಿಸಿ' ಅನ್ನಬೇಡಿ. ಬಾಕ್ಸ್ ಇಟ್ಟವರಿಗೆ ತಮ್ಮ ಹೆಸರು, ತಮ್ಮ ಊರು ಓದಲು ಬರಬೇಕು. ಸೋಮವಾರ ಅವರ ಮುಂದೆ ತೋರಿಸಬೇಕಿದೆ. ಇದೇ ತೊಂದರೆ ಬಗೆಹರಿಸಿದವರು ಇದ್ದರೆ ಕೋಡ್‌ನ ನಾಲ್ಕು ಸಾಲು ಹಾಕಿ.