ಎಡಗಾಲಿಗೆ ಉದ್ಯೋಗ

ನಾನು ಒಂದು ಪಿಕಪ್ ಕೊಳ್ಳಬೇಕೆಂದಿದ್ದೇನೆ ಎಂದು ಸ್ನೇಹಿತರ ನಡುವೆ ಬಾಯಿಬಿಟ್ಟದ್ದೇ ತಪ್ಪಾಯಿತು. ಯಾವ ಕಂಪನಿಯದು, ಯಾವ ಬಣ್ಣದ್ದು, ಹಿಂದಿನ ತೊಟ್ಟಿ ಎಷ್ಟು ಉದ್ದದ್ದು ಎಂದು ಒಬ್ಬರೂ ಕೇಳಲಿಲ್ಲ. ಗೇರನ್ನು ಕೈಯಲ್ಲಿ ಹಾಕಬೇಕಾದ ಮ್ಯಾನುಯಲ್ ಗಾಡಿಯೋ, ತಾನೇ ಹಾಕಿಕೊಳ್ಳುವ ಆಟೋಮ್ಯಾಟಿಕ್ ಗಾಡಿಯೋ ಎಂಬ ಒಂದೇ ಪ್ರಶ್ನೆ ಎಲ್ಲ ಕಡೆಯಿಂದಲೂ ಬಂದು ಬಿದ್ದಿತು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವವರನ್ನು ಕಂಡಿದ್ದೆ; ಹುಟ್ಟದ ಕೂಸಿಗೆ ಪೆಡಲು ಎರಡಿರಬೇಕೋ ಮೂರಿರಬೇಕೋ ಎಂದು ಜಗಳವಾಡುವವರನ್ನು ಅಂದೇ ಕಂಡೆ.

ಜಗಳವಾಡಿದವರು ಯಾರೆಂಬುದನ್ನು ಮೊದಲು ಹೇಳಿಬಿಡುತ್ತೇನೆ. ರಾಯರು ಮ್ಯಾನುಯಲ್ಲಿಗೆ ಮಾತ್ರ ಇರುವ ಮೂರನೆಯ ಪೆಡಲನ್ನು, ಅಂದರೆ ಎಡಗಾಲಿನ ಕ್ಲಚ್ಚನ್ನು, ಮೂವತ್ತು ವರ್ಷ ತುಳಿದವರು. ತಮ್ಮ ಎಡಗಾಲಿನ ಮೀನಖಂಡವು ಬಲಗಾಲಿನದಕ್ಕಿಂತ ದಪ್ಪವಾಗಿದೆ ಎಂಬುದನ್ನು ಅಳತೆಯ ಟೇಪು ತಂದುಕೊಟ್ಟರೆ ಈಗಲೂ ಸಾಬೀತುಪಡಿಸಬಲ್ಲರು. ಮೇಷ್ಟ್ರು ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು, ಆದರೆ ಕಲಿಸುವುದನ್ನು ಇನ್ನೂ ನಿಲ್ಲಿಸಿಲ್ಲ. ಉಸ್ತಾದರು ಗೇರ್‌ಬಾಕ್ಸ್ ಬಿಚ್ಚಿ ಕಟ್ಟುವ ಕೆಲಸದವರಾದ್ದರಿಂದ ಎರಡೂ ಪಕ್ಷದವರ ತಪ್ಪುಗಳಿಂದ ಜೀವನ ನಡೆಸುತ್ತಾರೆ, ಆ ಕಾರಣಕ್ಕೆ ಯಾವ ಪಕ್ಷಕ್ಕೂ ಸೇರುವುದಿಲ್ಲ. ನಾಲ್ಕನೆಯವರಾದ ಅಕ್ಕ ವಾರದಲ್ಲಿ ನಾಲ್ಕು ದಿನ ಪಿಕಪ್ಪಿಗೆ ಟ್ರೇಲರ್ ಕಟ್ಟಿ ಯಂತ್ರಗಳನ್ನು ಸಾಗಿಸುವವರು. ನಮ್ಮೆಲ್ಲರ ಪೈಕಿ ಈ ವಾಹನವನ್ನು ನಿಜವಾಗಿ ದುಡಿಸುವವರು ಅವರೊಬ್ಬರೇ ಆದ್ದರಿಂದ ಅವರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ರಾಯರು ಗಂಟಲು ಸರಿಪಡಿಸಿಕೊಂಡು ಆರಂಭಿಸಿದರು: “ಮುಂದೆ ಏರು ಇದೆ ಎಂಬುದು ನನ್ನ ಕಣ್ಣಿಗೆ ಕಾಣುತ್ತದೆ. ಎಂಜಿನ್ ಏದುಸಿರು ಬಿಡುವ ಮೊದಲೇ ನಾನು ಮೂರರಿಂದ ಎರಡಕ್ಕೆ ಇಳಿಸಿರುತ್ತೇನೆ. ನಿಮ್ಮ ಆಟೋಮ್ಯಾಟಿಕ್ಕಿಗೆ ಕಣ್ಣಿದೆಯೇ? ಅದು ಏರಿನಲ್ಲಿ ಸಿಕ್ಕಿಬಿದ್ದ ಮೇಲೆ ಏರು ಬಂದಿತೆಂದು ತಿಳಿದುಕೊಂಡು, ಗೇರು ಇಳಿಸಿ, ಸ್ವಲ್ಪ ವೇಗ ಬಂದ ಕೂಡಲೇ ಏರು ಮುಗಿಯಿತೆಂದು ಭಾವಿಸಿ ಮತ್ತೆ ಏರಿಸಿ, ಮತ್ತೆ ಸಿಕ್ಕಿಬಿದ್ದು, ಮತ್ತೆ ಇಳಿಸುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯನ್ನು ಕಟ್ಟಿದವನು ಆಟೋಮ್ಯಾಟಿಕ್ಕಿನಲ್ಲಿ ಭಾರ ಹೊತ್ತು ಬೆಟ್ಟ ಹತ್ತಿದವನೇ ಇರಬೇಕು.”

ವಾದ ಪೊಳ್ಳಲ್ಲ ಎಂಬುದನ್ನು ಮೇಷ್ಟ್ರೂ ಒಪ್ಪಿದರು. ಮೂರೋ ನಾಲ್ಕೋ ಗೇರುಗಳಷ್ಟೇ ಇದ್ದ ಹಳೆಯ ಆಟೋಮ್ಯಾಟಿಕ್‌ಗಳಲ್ಲಿ ಒಂದು ಗೇರಿಗೂ ಮುಂದಿನದಕ್ಕೂ ನಡುವಿನ ಅಂತರ ದೊಡ್ಡದಾಗಿತ್ತು. ಒಂದರಲ್ಲಿ ಎಂಜಿನ್ ಕಿರುಚುತ್ತಿತ್ತು, ಇನ್ನೊಂದರಲ್ಲಿ ಮುಗ್ಗರಿಸುತ್ತಿತ್ತು, ನಡುವೆ ನೆಲೆ ನಿಲ್ಲಲು ಜಾಗವಿರಲಿಲ್ಲ. ಆದರೆ 2017ರ ಮಾದರಿಯ ಫೋರ್ಡ್ ಎಫ್-150ಯಲ್ಲಿಯೇ ಹತ್ತು ಗೇರಿನ ಆಟೋಮ್ಯಾಟಿಕ್ ಬಂದಿದೆಯೆಂದೂ, ಭಾರ ಎಳೆಯುವಾಗ ಒತ್ತಬೇಕಾದ ಗುಂಡಿಯೊಂದನ್ನು ಒತ್ತಿದರೆ ಅದು ಮೇಲಿನ ಗೇರಿಗೆ ಆತುರಪಡದೆ ಕೆಳಗಿನದನ್ನೇ ಹಿಡಿದುಕೊಳ್ಳುತ್ತದೆಂದೂ ಅವರು ವಿವರಿಸಿದರು. “ಹತ್ತು ಗೇರನ್ನು ಕೈಯಲ್ಲಿ ಹಾಕಬೇಕಾಗಿ ಬಂದರೆ, ರಾಯರೇ, ನಿಮಗೆ ಸ್ಟೀರಿಂಗ್ ಹಿಡಿಯಲು ಕೈ ಬಿಡುವಾಗುವುದಿಲ್ಲ.”

“ಹತ್ತು ಗೇರು ಏಕೆ ಬೇಕು? ಐದರಲ್ಲಿ ನಾನು ಹೋಗದ ಊರಿಲ್ಲ,” ಎಂದರು ರಾಯರು.

“ನಿಮ್ಮ ಕೈಚಳಕದ ಹೆಮ್ಮೆಯೂ ಅಷ್ಟು ಹಳೆಯದೇನಲ್ಲ,” ಎಂದು ಮೇಷ್ಟ್ರು ಮುಂದುವರಿಸಿದರು. “ಗೇರು ಕರ್ರೆನ್ನದೆ ಬೀಳುವಂತೆ ಮಾಡುವ ಸಿಂಕ್ರೊಮೆಶ್ ಎಂಬ ಏರ್ಪಾಡು ಕ್ಯಾಡಿಲಾಕ್ ಕಾರಿನಲ್ಲಿ ಬಂದದ್ದು 1928ರಲ್ಲಿ. ಅದಕ್ಕೂ ಮೊದಲು ಒಂದೊಂದು ಗೇರಿಗೂ ಕ್ಲಚ್ಚನ್ನು ಎರಡೆರಡು ಸಲ ತುಳಿದು, ಗೇರು ಇಳಿಸುವಾಗ ನಡುವೆ ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಒತ್ತಿ, ಹಲ್ಲಿನ ಚಕ್ರಗಳ ವೇಗವನ್ನು ಕಿವಿಯಿಂದಲೇ ಹೊಂದಿಸಬೇಕಾಗಿತ್ತು. ಆ ಕಾಲದ ಚಾಲಕನು ನಿಮ್ಮನ್ನು ನೋಡಿದ್ದರೆ, ಒಂದೇ ಸಲ ಕ್ಲಚ್ ತುಳಿಯುವ ಈ ಸುಖಪುರುಷನು ಯಾರು ಎಂದು ಕೇಳುತ್ತಿದ್ದನು.”

ರಾಯರು ಸ್ವಲ್ಪ ಹೊತ್ತು ಸುಖಪುರುಷ ಎಂಬ ಪದವನ್ನು ಅಗಿಯುತ್ತ ಕುಳಿತರು. ಆ ಬಿಡುವಿನಲ್ಲಿ ಮೇಷ್ಟ್ರು ಮತ್ತೊಂದು ಸಂಗತಿಯನ್ನೂ ಹೊರತೆಗೆದರು: ಆಟೋಮ್ಯಾಟಿಕ್ ಎಂದರೆ ಸೂಕ್ಷ್ಮದ ವಸ್ತು, ಒರಟು ಕೆಲಸಕ್ಕೆ ಬಾರದು ಎಂಬ ಮಾತು ಹುಟ್ಟುವ ಮೊದಲೇ ಸುಳ್ಳಾಗಿತ್ತು. ದೊಡ್ಡ ಸಂಖ್ಯೆಯಲ್ಲಿ ತಯಾರಾದ ಮೊದಲ ಪೂರ್ಣ ಆಟೋಮ್ಯಾಟಿಕ್ ಆದ ಹೈಡ್ರಾಮ್ಯಾಟಿಕ್ 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಬಂದಿತು; ಹೆಚ್ಚು ಕಾಲ ಕಳೆಯುವ ಮುನ್ನವೇ ಅದೇ ಗೇರ್‌ಬಾಕ್ಸನ್ನು ಎರಡನೆಯ ಮಹಾಯುದ್ಧದ ಎಂ5 ಸ್ಟುವರ್ಟ್ ಟ್ಯಾಂಕಿಗೆ, ಎರಡು ಎಂಜಿನ್‌ಗಳಿಗೆ ಎರಡರಂತೆ, ಜೋಡಿಸಲಾಯಿತು. ಟ್ಯಾಂಕನ್ನು ಓಡಿಸಿದ್ದು ನನ್ನ ಪುಸ್ತಕದ ಕಪಾಟನ್ನು ಹೊರಲಾರದೆ ಎಂದು ಅವರು ಕೇಳಿದ್ದು ನನಗೆ ಸ್ವಲ್ಪ ಅವಮಾನವೆನಿಸಿತು, ಆದರೆ ಕಪಾಟಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಎರಡೂ ವ್ಯವಸ್ಥೆಗಳು ಭಾರವನ್ನು ಕದಲಿಸುವ ಬಗೆ ಹೇಗೆ ಬೇರೆ ಎಂಬ ಪ್ರಶ್ನೆಗೆ ಮಾತು ಹೊರಳಿದಾಗ ಉಸ್ತಾದರು ಮೊದಲ ಬಾರಿಗೆ ಬಾಯಿ ತೆರೆದರು. ಮ್ಯಾನುಯಲ್‌ನಲ್ಲಿ ನಿಂತ ಗಾಡಿ ಹೊರಡಬೇಕಾದರೆ, ತಿರುಗುತ್ತಿರುವ ಎಂಜಿನ್ನಿಗೂ ತಿರುಗದೆ ನಿಂತ ಗಾಲಿಗಳಿಗೂ ರಾಜಿ ಮಾಡಿಸುವುದು ಕ್ಲಚ್ ಪ್ಲೇಟು. ಅದು ಉಜ್ಜಿಕೊಂಡು, ಬಿಸಿಯಾಗಿ, ತನ್ನ ಮೈಯನ್ನೇ ಸವೆಸಿಕೊಂಡು ಈ ರಾಜಿಯನ್ನು ಕುದುರಿಸುತ್ತದೆ. ಭಾರ ಹೆಚ್ಚಿದಷ್ಟೂ, ಏರು ಕಡಿದಾದಷ್ಟೂ ರಾಜಿಗೆ ಹೊತ್ತು ಹಿಡಿಯುತ್ತದೆ. ಆಟೋಮ್ಯಾಟಿಕ್ಕಿನಲ್ಲಿ ಆ ಕೆಲಸವನ್ನು ಟಾರ್ಕ್ ಕನ್ವರ್ಟರ್ ಮಾಡುತ್ತದೆ: ಎಣ್ಣೆ ತುಂಬಿದ ಒಂದು ಡಬ್ಬಿಯೊಳಗೆ ಎರಡು ಫ್ಯಾನುಗಳು ಎದುರುಬದುರಾಗಿ ಕುಳಿತಿರುತ್ತವೆ, ಎಂಜಿನ್ ಕಡೆಯ ಫ್ಯಾನು ಎಣ್ಣೆಯನ್ನು ಎರಚಿದರೆ ಗಾಲಿಯ ಕಡೆಯದು ಅದರ ಹೊಡೆತಕ್ಕೆ ತಿರುಗುತ್ತದೆ. ಹಿಂದಿರುಗುವ ಎಣ್ಣೆಯ ದಿಕ್ಕನ್ನು ಸರಿಪಡಿಸಲು ನಡುವೆ ಮೂರನೆಯದೊಂದು ಇರುವುದರಿಂದ, ಹೊರಡುವ ಗಳಿಗೆಯಲ್ಲಿ ಎಂಜಿನ್ನಿನ ತಿರುಚುಬಲ ಸುಮಾರು ಎರಡರಷ್ಟಾಗಿ ಗೇರುಗಳನ್ನು ತಲುಪುತ್ತದೆ. ಲೋಹಕ್ಕೆ ಲೋಹ ಉಜ್ಜುವುದಿಲ್ಲ. ಒಂದು ವೇಗ ಬಂದ ಮೇಲೆ ಒಳಗಿನದೊಂದು ಕ್ಲಚ್ಚು ಎರಡು ಫ್ಯಾನುಗಳನ್ನೂ ಒಟ್ಟಿಗೆ ಬಿಗಿದುಬಿಡುವುದರಿಂದ ಆಮೇಲೆ ಜಾರಾಟವೂ ಇಲ್ಲ. ಮ್ಯಾನುಯಲ್ಲೇ ಇಂಧನ ಉಳಿಸುತ್ತದೆಂಬ ಹಳೆಯ ಮಾತು ಈಗ ಕಣ್ಣುಮುಚ್ಚಿ ಹೇಳುವಂಥದ್ದಾಗಿ ಉಳಿದಿಲ್ಲ.

“ಹಾಗಾದರೆ ಅದಕ್ಕೆ ಸಾವೇ ಇಲ್ಲವೇ?” ಎಂದು ರಾಯರು ವ್ಯಂಗ್ಯವಾಡಿದರು.

“ಇದೆ, ಸ್ವಾಮಿ. ಎಣ್ಣೆ ಬೆಂದರೆ ಸಾವು,” ಎಂದರು ಉಸ್ತಾದರು. ಆ ಎಣ್ಣೆ ಹೊಸದಾಗಿರುವಾಗ ಸಾಮಾನ್ಯವಾಗಿ ಕೆಂಪಗಿರುತ್ತದೆ. ಟ್ರೇಲರ್ ಎಳೆಯುತ್ತ ಏರನ್ನು ನಿಧಾನವಾಗಿ ಹತ್ತುವಾಗ ಕನ್ವರ್ಟರಿನ ಜಾರಾಟವೆಲ್ಲ ಬಿಸಿಯಾಗಿ ಅದರ ಮೇಲೆಯೇ ಬೀಳುತ್ತದೆ, ಅದು ಕಂದುಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಹೊಡೆಯತೊಡಗಿದ ಮೇಲೆ ಗಾಡಿಯನ್ನು ಅವರ ಬಳಿಗೆ ತರಲಾಗುತ್ತದೆ. ಜೀವಮಾನವಿಡೀ ಬದಲಿಸಬೇಕಿಲ್ಲದ ಎಣ್ಣೆ ಎಂಬ ಮಾತನ್ನು ನಂಬಿದ ಗಿರಾಕಿಗಳು ಯಾರ ಜೀವಮಾನ ಎಂಬುದನ್ನು ವಿಚಾರಿಸಿಕೊಂಡಿರುವುದಿಲ್ಲವಂತೆ. ಭಾರ ಎಳೆಯುವವರು ಎಣ್ಣೆ ತಣಿಸುವ ಪ್ರತ್ಯೇಕ ಕೂಲರ್ ಇದೆಯೇ ಎಂದು ನೋಡಿಕೊಳ್ಳಬೇಕು, ಎಣ್ಣೆಯನ್ನು ಬೇಗಬೇಗ ಬದಲಿಸಬೇಕು; ಏಕೆಂದರೆ ಕ್ಲಚ್ ಪ್ಲೇಟು ಸುಟ್ಟರೆ ಕೆಲಸ ಒಂದು ದಿನದ್ದು, ಆಟೋಮ್ಯಾಟಿಕ್ ಸುಟ್ಟರೆ ಅವರು ಹೊಸ ಸಹಾಯಕನನ್ನು ನೇಮಿಸಿಕೊಳ್ಳುವಷ್ಟು ದೊಡ್ಡದು.

ಇದರಿಂದ ರಾಯರಿಗೆ ಜೀವ ಬಂದಿತು. ಬ್ಯಾಟರಿ ಸತ್ತರೆ ಮ್ಯಾನುಯಲ್ಲನ್ನು ತಳ್ಳಿ, ಎರಡನೆಯ ಗೇರಿಗೆ ಹಾಕಿ, ಕ್ಲಚ್ ಬಿಟ್ಟು ಸ್ಟಾರ್ಟ್ ಮಾಡಬಹುದೆಂದೂ, ಆಟೋಮ್ಯಾಟಿಕ್ಕನ್ನು ತಳ್ಳಿದರೆ ತಳ್ಳಿದವರಿಗೆ ವ್ಯಾಯಾಮವಾಗುತ್ತದೆಯೇ ಹೊರತು ಮತ್ತೇನೂ ಆಗುವುದಿಲ್ಲವೆಂದೂ ಘೋಷಿಸಿದರು. ಅದೂ ನಿಜವೇ, ಗೇರು ಹಿಡಿಯಲು ಬೇಕಾದ ಎಣ್ಣೆಯ ಒತ್ತಡವನ್ನು ಎಂಜಿನ್ನೇ ಹುಟ್ಟಿಸಬೇಕಾದ್ದರಿಂದ, ಸತ್ತ ಎಂಜಿನ್ನನ್ನು ಗಾಲಿಗಳು ಎಬ್ಬಿಸಲಾರವು. ಮ್ಯಾನುಯಲ್ ಗಾಡಿಯನ್ನು ಕಳ್ಳರೂ ಕದಿಯುವುದಿಲ್ಲ, ಅವರ ಪೈಕಿ ಅರ್ಧಕ್ಕರ್ಧ ಜನಕ್ಕೆ ಕ್ಲಚ್ ಬಿಡಲು ಬಾರದು ಎಂದು ಅವರು ಸೇರಿಸಿದಾಗ, ಅವರ ಸ್ನೇಹಿತರ ಬಳಗ ಎಷ್ಟು ವಿಶಾಲವಾದದ್ದು ಎಂದು ಮೇಷ್ಟ್ರು ಆಶ್ಚರ್ಯಪಟ್ಟರು.

ಆಗ ಅಕ್ಕ, ಯಾರೂ ಕೇಳದಿದ್ದರೂ, ತಣ್ಣಗೆ ಒಂದು ಪ್ರಶ್ನೆ ಹಾಕಿದರು: “ರಾಯರೇ, ನೀವು ಹೋದ ಸಲ ನನ್ನ ಟ್ರೇಲರನ್ನು ಹಿಂದಕ್ಕೆ ತೆಗೆದದ್ದು ನೆನಪಿದೆಯೇ?”

ನಮಗೆಲ್ಲರಿಗೂ ನೆನಪಿತ್ತು, ಮೂಗಿಗಂತೂ ಚೆನ್ನಾಗಿ ನೆನಪಿತ್ತು. ಭಾರದ ಟ್ರೇಲರನ್ನು ಏರಿನಲ್ಲಿ ಹಿಂದಕ್ಕೆ ತೆಗೆಯುವುದೆಂದರೆ ಇರುವೆಯ ನಡಿಗೆಯಲ್ಲಿ ಚಲಿಸಬೇಕು. ರಿವರ್ಸ್ ಗೇರಿನ ತೀರಾ ಕಡಿಮೆ ವೇಗವೂ ಆ ನಡಿಗೆಗೆ ಹೆಚ್ಚಾದ್ದರಿಂದ ಉದ್ದಕ್ಕೂ ಕ್ಲಚ್ಚನ್ನು ಅರ್ಧ ಮಾತ್ರ ಒತ್ತಿಹಿಡಿದು ಹಾಫ್ ಕ್ಲಚ್ಚಿನಲ್ಲಿಯೇ ಇರಬೇಕಾಗುತ್ತದೆ. ರಾಯರು ಹದಿನೈದು ನಿಮಿಷ ಹಾಗೆ ಇದ್ದರು. ಟ್ರೇಲರ್ ಜಾಗಕ್ಕೆ ಬಂದಿತು, ಕ್ಲಚ್ ಪ್ಲೇಟು ಹೊಗೆಯಾಗಿ ಹೋಯಿತು. ಅದಾದ ಮೇಲೆಯೇ ಅಕ್ಕ ಆಟೋಮ್ಯಾಟಿಕ್ಕಿಗೆ ಬದಲಾಯಿಸಿದ್ದು ಎಂಬ ಸಂಗತಿ ಆ ಸಂಜೆ ಹೊರಬಿದ್ದಿತು, ರಾಯರು ಅದನ್ನು ಕೇಳಿಸಿಕೊಳ್ಳದವರಂತೆ ಬೂಟಿನ ದಾರವನ್ನು ಬಿಗಿಮಾಡಿಕೊಂಡರು.

“ತಯಾರಿಸುವವರಿಗೂ ಈ ವಾಸನೆ ಗೊತ್ತಿದೆ,” ಎಂದು ಮೇಷ್ಟ್ರು ಸಂಖ್ಯೆಗಳನ್ನು ತಂದರು. 2018ರ ರಾಮ್ 3500 ಪಿಕಪ್ಪಿನಲ್ಲಿ ಕಮಿನ್ಸ್ ಡೀಸೆಲ್ ಎಂಜಿನ್ ಇತ್ತು. ಆಟೋಮ್ಯಾಟಿಕ್ ಜೋಡಿಸಿದ ಅತ್ಯಂತ ಬಲಿಷ್ಠ ಆವೃತ್ತಿಯಲ್ಲಿ ಅದರ ಟಾರ್ಕ್, ಅಂದರೆ ತಿರುಚುಬಲ, 930 ಪೌಂಡ್-ಫೂಟ್, ಮ್ಯಾನುಯಲ್ ಜೋಡಿಸಿದರೆ 660 ಮಾತ್ರ. ಕ್ಲಚ್ಚು, ಗೇರ್‌ಬಾಕ್ಸು ಮತ್ತು ಅವೆರಡನ್ನೂ ಆಳುವ ಮನುಷ್ಯನ ಕಾಲು, ಈ ಮೂರೂ ಉಳಿಯಲಿ ಎಂದು ಎಂಜಿನ್ನಿನ ಕೈಯನ್ನೇ ಕಟ್ಟಿದ್ದರು. ಮರುವರ್ಷ ಆ ಮ್ಯಾನುಯಲ್ಲನ್ನೇ ಕೈಬಿಟ್ಟರು. ಚಿಕ್ಕ ಪಿಕಪ್ಪುಗಳ ಕಥೆ ಇಷ್ಟು ಕಠೋರವಲ್ಲ: 2024ರ ಟೊಯೊಟಾ ಟಕೋಮಾದಲ್ಲಿ ಆರು ಗೇರಿನ ಮ್ಯಾನುಯಲ್ ಇನ್ನೂ ಉಳಿದಿದೆ, ಅದಕ್ಕೆ 270 ಅಶ್ವಶಕ್ತಿಯಾದರೆ ಆಟೋಮ್ಯಾಟಿಕ್ಕಿಗೆ 278, ಎಂಟು ಕುದುರೆಗಳ ವ್ಯತ್ಯಾಸಕ್ಕಾಗಿ ಯಾರೂ ಸ್ನೇಹ ಮುರಿದುಕೊಳ್ಳಬೇಕಾಗಿಲ್ಲ.

ಇಳಿಜಾರಿನ ವಿಷಯದಲ್ಲಿ ಮಾತ್ರ ರಾಯರು ಪಟ್ಟು ಬಿಡಲಿಲ್ಲ, ಅವರ ಮಾತಿನಲ್ಲಿ ನನಗೆ ಹೆಚ್ಚು ತೂಕ ಕಂಡದ್ದೂ ಅಲ್ಲಿಯೇ. ಭಾರ ಹೊತ್ತು ಉದ್ದನೆಯ ಇಳಿಜಾರನ್ನು ಇಳಿಯುವಾಗ ಬ್ರೇಕನ್ನೇ ಒತ್ತುತ್ತ ಹೋದರೆ ಬ್ರೇಕು ಕಾದು ಹಿಡಿತ ಬಿಡುತ್ತದೆ. ಕೆಳಗಿನ ಗೇರಿನಲ್ಲಿಟ್ಟು ಎಂಜಿನ್ನಿನಿಂದಲೇ ಗಾಡಿಯನ್ನು ತಡೆಯಬೇಕು. ಮ್ಯಾನುಯಲ್ ಓಡಿಸುವವನಿಗೆ ಇದು ಅಭ್ಯಾಸದಿಂದಲೇ ಬರುತ್ತದೆ. ಆಟೋಮ್ಯಾಟಿಕ್ಕಿನಲ್ಲಿಯೂ ಗೇರನ್ನು ಕೈಯಿಂದ ಇಳಿಸಿ ಹಿಡಿದಿಡುವ ಸೌಕರ್ಯವಿದೆ, ಆದರೆ ಮುಂದಕ್ಕೆ ಓಡಿಸುವ ‘ಡಿ’ ಎಂಬ ಅಕ್ಷರವನ್ನು ಬಿಟ್ಟು ಬೇರೆ ಅಕ್ಷರಗಳು ಗೇರಿನ ಹಲಗೆಯ ಮೇಲೆ ಅಲಂಕಾರಕ್ಕಿವೆ ಎಂದು ತಿಳಿದವರೇ ಬಹಳ. “ಹಾಗೆ ತಿಳಿದವರೇ ಇಳಿಜಾರಿನಲ್ಲಿ ಹ್ಯಾಂಡ್ ಬ್ರೇಕ್ ಹಾಕದೆ ಬರೀ ನಿಲ್ಲಿಸಿಡುವ ‘ಪಿ’ಗೆ ಹಾಕಿ ಇಳಿದು ಹೋಗುತ್ತಾರೆ,” ಎಂದು ಉಸ್ತಾದರು ನಿಟ್ಟುಸಿರುಬಿಟ್ಟರು. ಹಾಗೆ ಮಾಡಿದರೆ ಒಳಗಿನ ಬೆರಳುಗಾತ್ರದ ಒಂದು ಲೋಹದ ಕೊಂಡಿಯ ಮೇಲೆ ಟನ್ನುಗಟ್ಟಲೆ ತೂಕ ಜೋತುಬೀಳುತ್ತದೆ. ಮೊದಲು ಹ್ಯಾಂಡ್ ಬ್ರೇಕು, ಅದರ ಮೇಲೆ ಗಾಡಿ ನೆಲೆನಿಂತ ಬಳಿಕ ‘ಪಿ’.

“ಇಷ್ಟೆಲ್ಲ ಸರಿ. ನೀವು ಹೊರಿಸುವುದೇನನ್ನು?” ಎಂದು ಅಕ್ಕ ನನ್ನ ಕಡೆಗೆ ತಿರುಗಿದರು.

ಎರಡು ಗಂಟೆಗಳ ಚರ್ಚೆಯಲ್ಲಿ ಈ ಪ್ರಶ್ನೆಯನ್ನು ಕೇಳಿದವರು ಅವರೊಬ್ಬರೇ. ನಾನು ಪ್ರಾಮಾಣಿಕವಾಗಿ ಉತ್ತರಿಸಿದೆ: ಒಂದು ಪುಸ್ತಕದ ಕಪಾಟು, ಬಹುಶಃ ಒಂದು ಸಲ. ಮತ್ತೆ ಯಾರು ಓಡಿಸುತ್ತಾರೆ ಎಂದು ಕೇಳಿದರು. ನಾನು, ಹೆಂಡತಿ, ಮಗಳು. ಆ ಇಬ್ಬರಿಗೂ ಕ್ಲಚ್ಚಿನ ಪರಿಚಯವಿಲ್ಲ. ಎಲ್ಲಿ ಎಂದು ಕೇಳಿದರು. ವಾಹನಗಳು ಒಂದಕ್ಕೊಂದು ಅಂಟಿಕೊಂಡು ತೆವಳುವ ಪೇಟೆಯ ರಸ್ತೆಯಲ್ಲಿ ಎಂದೆ. ಕೆಸರು, ಕಲ್ಲು, ಕಡಿದಾದ ಕಾಡುದಾರಿ, ರಿಪೇರಿಯವರು ಸಿಗದ ದೂರದ ಜಾಗ, ಇವುಗಳಲ್ಲಿ ಯಾವುದಾದರೂ ಇದ್ದಿದ್ದರೆ ರಾಯರ ಕಡೆಗೆ ವಾಲುತ್ತಿದ್ದೆನೆಂದು ಅಕ್ಕ ಹೇಳಿದರು. ಇರುವುದು ಕಪಾಟು ಮಾತ್ರವಾದ್ದರಿಂದ ಅವರು ಬೇರೇನೂ ಹೇಳಲಿಲ್ಲ.

ಮರುದಿನ ಐವರೂ ಒಂದು ಆಟೋಮ್ಯಾಟಿಕ್ಕನ್ನು ಓಡಿಸಿ ನೋಡಲು ಹೋದೆವು. ನಿಲ್ಲುವ ತಿರುವು ಬಂದಾಗ ನನ್ನ ಎಡಗಾಲು, ಇಪ್ಪತ್ತು ವರ್ಷಗಳ ಸೇವಾನಿಷ್ಠೆಯಿಂದ, ಇಲ್ಲದ ಕ್ಲಚ್ಚನ್ನು ಹುಡುಕಿಕೊಂಡು ಹೋಗಿ ಅಗಲವಾದ ಬ್ರೇಕ್ ಪೆಡಲನ್ನು ಪೂರ್ಣ ಬಲದಿಂದ ತುಳಿಯಿತು. ಗಾಡಿ ಗೋಡೆಗೆ ಗುದ್ದಿದಂತೆ ನಿಂತಿತು, ಮೇಷ್ಟ್ರ ಕನ್ನಡಕ ಮುಂದಿನ ಸೀಟಿಗೆ ಬಂದಿತು, ಜಡತ್ವದ ನಿಯಮವನ್ನು ಅವರು ವಿವರಿಸದೆ ಇದ್ದದ್ದು ಅದೊಂದೇ ಸಂದರ್ಭ. ಎಡಗಾಲನ್ನು ಮಡಿಚಿ ಸೀಟಿನ ಕಡೆಗೆ ಹಿಂದಕ್ಕೆ ಇಟ್ಟುಕೊಳ್ಳಬೇಕು, ಎರಡು ದಿನದಲ್ಲಿ ಅದು ನಿವೃತ್ತಿಗೆ ಒಗ್ಗಿಕೊಳ್ಳುತ್ತದೆ ಎಂದು ಉಸ್ತಾದರು ಸಲಹೆ ಕೊಟ್ಟರು.

ಇದನ್ನೆಲ್ಲ ನೋಡಿ ರಾಯರು, ತಪ್ಪು ಗಾಡಿಯದೋ ಓಡಿಸುವವನದೋ ಎಂಬುದನ್ನು ಪರೀಕ್ಷಿಸುವ ಸಲುವಾಗಿ ಮಾತ್ರ, ಒಂದೇ ಒಂದು ಸುತ್ತು ತಾವು ಓಡಿಸುವುದಾಗಿ ಹೇಳಿ ಒಬ್ಬರೇ ಹೊರಟರು. ಅರ್ಧ ಗಂಟೆಯಾಯಿತು. ನಾವು ಗೇಟಿನ ಬಳಿ ಕಾಯುತ್ತ ನಿಂತಿದ್ದಾಗ ಪಿಕಪ್ ನಮ್ಮ ಮುಂದೆಯೇ ನಿಧಾನವಾಗಿ ಹಾದುಹೋಯಿತು. ರಾಯರ ಎಡಗಾಲು ಸೀಟಿನ ಕಡೆಗೆ ಮಡಿಚಿಕೊಂಡಿತ್ತು, ಒಂದು ಕೈ ಕಿಟಕಿಯ ಮೇಲಿತ್ತು. ಕೈ ಬೀಸಿ ಕರೆದರೆ ಅವರು ನಮ್ಮನ್ನು ನೋಡದವರಂತೆ ಮುಖ ತಿರುಗಿಸಿಕೊಂಡು ಮುಂದಿನ ಸುತ್ತಿಗೆ ಹೊರಟುಹೋದರು.