‘ವರ್ಲ್ಡ್ ಬಿಲ್ಡಿಂಗ್’ಗೆ ಏನೆನ್ನೋಣ? ಲೋಕನಿರ್ಮಾಣ, ಪ್ರತಿಸೃಷ್ಟಿ, ಲೋಕಕಟ್ಟು

ಎಲ್ಲರಿಗೂ ಧಾರವಾಡದಿಂದ ನಮಸ್ಕಾರ.

ವೈಜ್ಞಾನಿಕ ಕಥೆ, ಫ್ಯಾಂಟಸಿ ಬರೆಯುವ ಹುಮ್ಮಸ್ಸಿರುವ ಕಾಲೇಜು ವಿದ್ಯಾರ್ಥಿಗಳಿಗಾಗಿ ಇಲ್ಲಿ ಒಂದು ಕಮ್ಮಟ ನಡೆಸಲಿದ್ದೇವೆ. ಹುಬ್ಬಳ್ಳಿ, ಗದಗ, ಹಾವೇರಿಗಳಿಂದಲೂ ಬರುವವರಿದ್ದಾರೆ. ಅದರ ಕರಪತ್ರಕ್ಕಾಗಿ ‘ವರ್ಲ್ಡ್ ಬಿಲ್ಡಿಂಗ್’ ಎಂಬುದಕ್ಕೆ ಒಪ್ಪುವ ಕನ್ನಡ ಪದ ಬೇಕಾಗಿದೆ. ಎಲ್ಲಿಯೂ ಇಲ್ಲದ ಲೋಕವೊಂದನ್ನು ಅದರ ನೆಲ, ನೀರು, ಮಳೆಗಾಲ, ನುಡಿ, ದೇವರು, ನಾಣ್ಯ, ಅಡುಗೆ, ವ್ಯಾಜ್ಯಗಳ ಸಮೇತ ಕಲ್ಪಿಸಿ, ಅದರೊಳಗೆ ಕಥೆ ನಡೆಸುವ ಕೆಲಸವದು. ಕಲ್ಪನೆಯ ದುಡಿಮೆಯಲ್ಲಿ ಇದಕ್ಕಿಂತ ದೊಡ್ಡದನ್ನು ನಾನು ಕಾಣೆ. ಹೆಸರೂ ಆ ತೂಕಕ್ಕೆ ತಕ್ಕಂತಿರಬೇಕು.

ವಿದ್ಯಾರ್ಥಿಗಳು ಸಾಮಾನ್ಯವಾಗಿ ‘ಲೋಕನಿರ್ಮಾಣ’ ಎಂದು ಬರೆಯುತ್ತಾರೆ. ಅರ್ಥವೇನೂ ತಪ್ಪಲ್ಲ, ಆದರೆ ನಿರ್ಮಾಣ ಎಂದೊಡನೆ ಇಂದಿನ ಓದುಗರಿಗೆ ಮೇಲ್ಸೇತುವೆಯೋ ಸಿನಿಮಾಕ್ಕೆ ಹಣ ಹೂಡುವುದೋ ನೆನಪಾಗುತ್ತದೆ. ಅದರ ನೆಂಟ ‘ನಿರ್ಮಿತಿ’ಗೆ ಒಳ್ಳೆಯ ಮನೆತನವಿದೆ. ಸಂಸ್ಕೃತದ ಕಾವ್ಯಮೀಮಾಂಸಕ ಮಮ್ಮಟನ ಕಾವ್ಯಪ್ರಕಾಶದ ಮೊದಲ ಶ್ಲೋಕವೇ ಕವಿವಾಣಿಯ ನಿರ್ಮಿತಿಯು ನಿಯತಿಯ, ಅಂದರೆ ವಿಧಿಯ, ನಿಯಮಗಳಿಗೆ ಒಳಪಡದ್ದು ಎನ್ನುತ್ತದೆ. ನಮಗೆ ಬೇಕಾದ ಅರ್ಥದ ಅರ್ಧ, ಅಂದರೆ ಸ್ವಾತಂತ್ರ್ಯ, ಅಲ್ಲಿ ಬಂತು. ನಮ್ಮ ನಿಯಮಗಳನ್ನು ಕಳಚಿಕೊಂಡ ಲೋಕಕ್ಕೆ ತನ್ನವೇ ನಿಯಮಗಳು ಬೇಕೆಂಬ ಇನ್ನರ್ಧ ಬರಲಿಲ್ಲ. 1939ರ ಉಪನ್ಯಾಸವೊಂದರಿಂದ ಬೆಳೆದ ಪ್ರಬಂಧದಲ್ಲಿ ‘ದ ಲಾರ್ಡ್ ಆಫ್ ದ ರಿಂಗ್ಸ್’ ಬರೆದ ಟೋಲ್ಕಿನ್ ಹೇಳುವುದು ಇದನ್ನೇ: ‘ಹಸಿರು ಸೂರ್ಯ’ ಎಂಬ ಮಾತನ್ನು ಯಾರು ಬೇಕಾದರೂ ಆಡಬಹುದು, ಆ ಸೂರ್ಯನನ್ನು ನಂಬಬಹುದಾದ ಲೋಕವನ್ನು ಮಾಡಲು ಮಾತ್ರ ಶ್ರಮ ಬೇಕು. ಆಕಾಶದಲ್ಲಿ ಎರಡು ಚಂದ್ರರನ್ನಿಟ್ಟವರು ಕಡಲಿನ ಉಬ್ಬರವಿಳಿತ, ಹುಣ್ಣಿಮೆಯ ಲೆಕ್ಕ, ಹಬ್ಬದ ದಿನ, ದೋಣಿ ಇಳಿಸುವ ಹೊತ್ತು ಎಲ್ಲವನ್ನೂ ಮತ್ತೆ ಯೋಚಿಸಬೇಕಾಗುತ್ತದೆ.

‘ಪ್ರತಿಸೃಷ್ಟಿ’ ಎಂಬ ಪದದ ಮೇಲೆ ನನಗೆ ಬಹಳ ಮೋಹ. ವಾಲ್ಮೀಕಿಯ ಬಾಲಕಾಂಡದಲ್ಲಿ ವಿಶ್ವಾಮಿತ್ರ ತ್ರಿಶಂಕುವಿಗಾಗಿ ಏನು ಮಾಡಿದನೆಂದು ಗಮನವಿಟ್ಟು ಓದಿ. ಮೊದಲು ದಕ್ಷಿಣ ದಿಕ್ಕಿನಲ್ಲಿ ಬೇರೆ ಸಪ್ತರ್ಷಿಗಳನ್ನು ಇಡುತ್ತಾನೆ, ಬಳಿಕ ನಕ್ಷತ್ರಗಳ ಇನ್ನೊಂದು ಮಾಲೆಯನ್ನೇ ಮಾಡುತ್ತಾನೆ, ಆಮೇಲೆ ಬೇರೊಬ್ಬ ಇಂದ್ರನನ್ನು ಸೃಷ್ಟಿಸಲು ಹೊರಡುತ್ತಾನೆ. ಬೆದರಿದ ದೇವತೆಗಳು ರಾಜಿಗೆ ಬಂದು, ಆ ನಕ್ಷತ್ರಗಳು ವೈಶ್ವಾನರ ಪಥದ, ಅಂದರೆ ಆಕಾಶದ ಜ್ಯೋತಿಗಳು ಸಾಗುವ ಹಾದಿಯ, ಹೊರಗೆ ಉಳಿಯಲಿ, ತ್ರಿಶಂಕು ಅಲ್ಲೇ ತಲೆಕೆಳಗಾಗಿ ಬೆಳಗುತ್ತಿರಲಿ ಎಂದು ಒಪ್ಪುತ್ತಾರೆ. ಮೊದಲು ಖಗೋಳ, ಆಮೇಲೆ ಆಡಳಿತ, ಕೊನೆಗೆ ಗಡಿ ಗುರುತು! ಕಮ್ಮಟದ ಮೊದಲ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. (ಸರ್ಗ, ಪ್ರತಿಸರ್ಗ, ವಂಶ, ಮನ್ವಂತರ, ವಂಶಾನುಚರಿತ, ಅಂದರೆ ಸೃಷ್ಟಿ, ಮರುಸೃಷ್ಟಿ, ವಂಶಾವಳಿ, ಮನುಗಳ ಕಾಲ, ರಾಜವಂಶಗಳ ಚರಿತ್ರೆ ಎಂಬ ಪುರಾಣದ ಐದು ಲಕ್ಷಣಗಳೂ ಹಾಗೆಯೇ. ಇಂದು ಹೊಸ ಲೋಕ ಕಲ್ಪಿಸುವವರು ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದು ಬಹುಪಾಲು ಇವನ್ನೇ.)

ಆದರೂ ಈ ಪದ ಕೈಗೆ ಸಿಗುವುದಿಲ್ಲ. ‘ಪ್ರತಿ’ಯಲ್ಲಿ ಹಟ, ಪೈಪೋಟಿಗಳ ಛಾಯೆ ಉಳಿದಿದೆ. ಮೇಲಾಗಿ, ವಿಮರ್ಶೆಯಲ್ಲಿ ಈಗಾಗಲೇ ಹಳೆಯ ಕಥೆಯನ್ನು ಹೊಸದಾಗಿಸುವುದಕ್ಕೆ ಇದನ್ನು ಬಳಸುತ್ತಾರೆ. ಗದುಗಿನ ಭಾರತಕ್ಕೆ ಅದು ಸಲ್ಲುತ್ತದೆ, ಏಕೆಂದರೆ ಕುಮಾರವ್ಯಾಸನಿಗೆ ಹಸ್ತಿನಾವತಿ ಮೊದಲೇ ಇತ್ತು. ನಮ್ಮ ವಿದ್ಯಾರ್ಥಿಗಳಿಗೆ ಊರೂ ಇಲ್ಲ, ಹೊಳೆಯೂ ಇಲ್ಲ.

ಹೀಗಾಗಿ ನನ್ನ ಒಲವು ‘ಕಟ್ಟು’ ಕಡೆಗೆ. ನಮ್ಮಲ್ಲಿ ಊರು ಕಟ್ಟುತ್ತಾರೆ, ನಾಡು ಕಟ್ಟುತ್ತಾರೆ. ಗೀಗೀ ಮೇಳದವರು, ಲಾವಣಿಕಾರರು ಪದ ಕಟ್ಟುತ್ತಾರೆ. ಇದೇ ಧಾತುವಿನ ಬಳಗದಲ್ಲಿ ಕಟ್ಟಳೆ, ಕಟ್ಟುಪಾಡು, ಕಟ್ಟುನಿಟ್ಟುಗಳೂ ಇವೆ. ಮಾಡುವುದು, ನಿಯಮಕ್ಕೆ ಒಳಪಡಿಸುವುದು ಎರಡೂ ಒಂದೇ ಕ್ರಿಯಾಪದದೊಳಗಿವೆ. ಮಮ್ಮಟನ ನಿರ್ಮಿತಿಯಲ್ಲಿ ಸಿಗದ ಅರ್ಧ ಇಲ್ಲಿ ಸಿಕ್ಕಿತು. ‘ಕಟ್ಟುಕಥೆ’ ಎಂದರೆ ಸುಳ್ಳಲ್ಲವೇ ಎಂದು ಗೆಳತಿಯೊಬ್ಬರು ಆಕ್ಷೇಪಿಸಿದರು. ಆ ಕಳಂಕ ಕಥೆಗೆ ಅಂಟಿದೆಯೇ ಹೊರತು ಕಟ್ಟುವ ಕೆಲಸಕ್ಕಲ್ಲ ಎಂದು ನನ್ನ ಅನಿಸಿಕೆ.

ಇನ್ನು ನಾಮಪದದ ತೊಡಕು. ‘ಲೋಕ ಕಟ್ಟುವಿಕೆ’ ಸೊರಗಿದ ಪದ. ‘ಲೋಕಗಟ್ಟು’ ಎಂದು ಆದೇಶ ಸಂಧಿ ಮಾಡಿದರೆ ಹೆಪ್ಪುಗಟ್ಟು, ಸಾಲುಗಟ್ಟು, ಮಡುಗಟ್ಟುಗಳ ಸಾಲಿಗೆ ಸೇರುತ್ತದೆ. ಅವೆಲ್ಲ ತಾವಾಗಿಯೇ ಆಗುವಂಥವು, ಕಟ್ಟುವ ಕೈ ಅಲ್ಲಿ ಕಾಣುವುದಿಲ್ಲ. ಮೈಕಟ್ಟು, ಕಣ್ಕಟ್ಟುಗಳಲ್ಲಿ ಕಕಾರ ಹಾಗೆಯೇ ಉಳಿದಿದೆ, ಎರಡೂ ಗಟ್ಟಿ ನಾಮಪದಗಳು. ಅವುಗಳ ದಾರಿಯಲ್ಲಿ ‘ಲೋಕಕಟ್ಟು’ ಎಂದರೆ ಹೇಗೆ? ಎರಡು ಕಕಾರ ಒತ್ತೊತ್ತಾಗಿ ಬಂದು ನಾಲಿಗೆ ತುಸು ತಡವರಿಸುತ್ತದೆ, ನಿಜ. ಸಂಸ್ಕೃತ ಪದಕ್ಕೆ ಕನ್ನಡ ಪದ ಸೇರಿಸುವುದರಿಂದ ಅರಿಸಮಾಸ, ಅಂದರೆ ಸಲ್ಲದ ಜೋಡಣೆ, ಎನ್ನುವವರೂ ಇರುತ್ತಾರೆ. ಅವರಿಗಾಗಿ ತದ್ಭವವಾದ ‘ಜಗ’ವನ್ನು ಹಿಡಿದು ‘ಜಗಕಟ್ಟು’ ಎನ್ನಬಹುದು, ಆದರೆ ‘ಲೋಕ’ದಲ್ಲಿರುವ ವಿಸ್ತಾರ ನನಗೆ ‘ಜಗ’ದಲ್ಲಿ ಕೇಳಿಸುವುದಿಲ್ಲ.

ಬಲ್ಲವರು ಎರಡು ವಿಷಯ ತಿಳಿಸಬೇಕು. ಗದಗ, ಹಾವೇರಿ ಕಡೆಯ ದೊಡ್ಡಾಟ, ಸಣ್ಣಾಟಗಳ ಮಾಸ್ತರರು ಹೊಸ ಆಟವೊಂದನ್ನು ಪಾತ್ರ, ಊರು, ಅರಮನೆಗಳ ಸಮೇತ ಹೊಸೆಯುವುದಕ್ಕೆ ಯಾವ ಮಾತು ಬಳಸುತ್ತಾರೆ? ತತ್ವಪದಗಳಲ್ಲೋ ಜನಪದ ಹಾಡುಗಳಲ್ಲೋ ‘ಲೋಕ’ ಅಥವಾ ‘ಜಗ’ದ ಜೊತೆ ‘ಕಟ್ಟು’ ಬಂದಿರುವುದನ್ನು ಕೇಳಿದ್ದೀರಾ? ಪ್ರಯೋಗ ಸಿಕ್ಕರೆ ಸಾಲನ್ನು ಪೂರ್ತಿಯಾಗಿ, ಕೇಳಿದ ಊರಿನ ಹೆಸರಿನೊಂದಿಗೆ ಬರೆಯಿರಿ. ಕರಪತ್ರ ಇನ್ನೂ ಅಚ್ಚಿಗೆ ಹೋಗಿಲ್ಲ.