ಆಸ್ಪತ್ರೆಗೆ ಕಂಪ್ಯೂಟರ್ ಬಂತು, ಟೈಪ್ ಮಾಡುವವರು ಯಾರು?

ತಾಲ್ಲೂಕು ಡಾಕ್ಟರ್: 2021ರ ಸೆಪ್ಟೆಂಬರ್‌ನಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶದಾದ್ಯಂತ ಶುರುವಾದಾಗ ಖುಷಿಪಟ್ಟವನು ನಾನು. ಆಭಾ ಅನ್ನುವ 14 ಅಂಕಿಯ ಆರೋಗ್ಯ ಖಾತೆ ಸಂಖ್ಯೆ ಒತ್ತಿದರೆ ರೋಗಿಯ ಹಳೆಯ ರಿಪೋರ್ಟ್‌ಗಳೆಲ್ಲ ಕಣ್ಣಮುಂದೆ ಬರುತ್ತವೆ ಅಂದುಕೊಂಡಿದ್ದೆ. ನಮ್ಮಲ್ಲಿ ಸಂಖ್ಯೆ ಮಾಡಿಸಿದ್ದೇವೆ, ಒಳಗೆ ರಿಪೋರ್ಟ್ ಇಲ್ಲ. ತುಂಬುವವರು ಬೇಕಲ್ಲ! ಬೆಳಗ್ಗೆ ಒಪಿಡಿ ಗಿಜಿಗುಡುತ್ತಿರುವಾಗ ರೋಗಿಯ ನಾಲಿಗೆ ನೋಡಲಾ, ಸ್ಕ್ರೀನ್ ನೋಡಲಾ? ನಿಮ್ಮ ಕಡೆ ಹೇಗಿದೆ, ಹೇಳಿ.

ಕೋಡ್‌ಗಾರ: ಸರ್, ಎಲ್ಲವನ್ನೂ ಬೈಯಬೇಡಿ. ಕ್ಯೂಆರ್ ಸ್ಕ್ಯಾನ್ ಮಾಡಿ ಒಪಿಡಿ ಚೀಟಿ ಪಡೆಯುವುದು ದೊಡ್ಡ ಆಸ್ಪತ್ರೆಗಳಲ್ಲಿ ಚೆನ್ನಾಗಿಯೇ ನಡೆಯುತ್ತಿದೆ. ನಾನು ಆಸ್ಪತ್ರೆ ಸಾಫ್ಟ್‌ವೇರ್ ಬರೆಯುವವನು. ನಮ್ಮ ತಲೆನೋವೇ ಬೇರೆ. ಒಂದು ಲ್ಯಾಬ್ ‘ಎಚ್‌ಬಿ’ ಅಂತ ಬರೆಯುತ್ತದೆ, ಇನ್ನೊಂದು ‘ಹಿಮೋಗ್ಲೋಬಿನ್’ ಅಂತ. ಮೂರನೆಯದು ಕಾಗದದ ಫೋಟೋ ತೆಗೆದು ಪಿಡಿಎಫ್ ಮಾಡಿ ಕಳಿಸುತ್ತದೆ. ಫೋಟೋದಿಂದ ಶುಗರ್ ಏರಿಳಿತದ ಗ್ರಾಫ್ ಹೇಗೆ ಬರಬೇಕು? ಆರೋಗ್ಯ ದಾಖಲೆಗಳನ್ನು ಎಲ್ಲರೂ ಒಂದೇ ರೀತಿ ಬರೆದು ಹಂಚಿಕೊಳ್ಳಲು ಎಫ್‌ಎಚ್‌ಐಆರ್ ಅನ್ನುವ ಮಾದರಿ ಇದೆ. ಎಲ್ಲರೂ ಅದನ್ನು ಸರಿಯಾಗಿ ಬಳಸಿದರೆ ಅರ್ಧ ಕೆಲಸ ಮುಗಿದ ಹಾಗೆ.

ಆಶಾ ಅಕ್ಕ: ಮಾದರಿ ಇರಲಿ ತಮ್ಮಾ, ಮೊದಲು ಓಟಿಪಿ ಕಥೆ ಕೇಳು. ಅಜ್ಜಿ ನನ್ನ ಮುಂದೆ ಜಗಲಿ ಮೇಲೆ ಕೂತಿರುತ್ತಾರೆ. ಓಟಿಪಿ ಬೆಂಗಳೂರಿನಲ್ಲಿರುವ ಮಗನ ಫೋನಿಗೆ ಹೋಗುತ್ತದೆ. ಅವನು ಡ್ಯೂಟಿಯಲ್ಲಿ, ಫೋನ್ ಎತ್ತುವುದಿಲ್ಲ.

ಇನ್ನೊಂದು ವಿಷಯ. ಗರ್ಭಿಣಿಯರ ಮನೆಗೆ ಹೋಗಿ ಬರೆದು ತಂದದ್ದೆಲ್ಲ ಸರ್ಕಾರದ ಪೋರ್ಟಲ್‌ಗೆ ಏರಬೇಕು. ಏರಿಸುವವರು ಬೇರೆ. ಅಲ್ಲಿ ಒಂದು ಸಾಲು ಬಿಟ್ಟುಹೋದರೆ ಕತ್ತರಿ ಬೀಳುವುದು ನಮ್ಮ ಪ್ರೋತ್ಸಾಹಧನಕ್ಕೆ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಆಶಾಗಳು ಹಗಲು ರಾತ್ರಿ ಕೂತರಲ್ಲ, ಸಂಬಳದ ಸುದ್ದಿ ಮಾತ್ರ ಎಲ್ಲರಿಗೂ ನೆನಪಿದೆ. ಪೋರ್ಟಲ್ ಗೋಳೂ ಆ ಹೋರಾಟದಲ್ಲಿತ್ತು.

ಕೋಡ್‌ಗಾರ: ಇದು ನನಗೆ ಗೊತ್ತಿರಲಿಲ್ಲ ಅಕ್ಕ. ನಮಗೆ ಬರುವ ಪಟ್ಟಿಯಲ್ಲಿ ‘ಜಿಲ್ಲಾ ಮಟ್ಟದ ವರದಿ ಬೇಕು’ ಅಂತ ಇರುತ್ತದೆ. ಹಳ್ಳಿಯಲ್ಲಿ ಒತ್ತುವವರಿಗೆ ಏನು ಬೇಕು ಅಂತ ಇರುವುದಿಲ್ಲ.

ಅನುಮಾನಪ್ಪ: ಎಲ್ಲಾ ಸರಿ, ದಾಖಲೆ ಸೋರಿಹೋದರೆ? 2022ರ ನವೆಂಬರ್‌ನಲ್ಲಿ ಸೈಬರ್ ದಾಳಿಯಾಗಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗೇ ಬೀಗ ಬಿತ್ತು. ಸುಮಾರು ಎರಡು ವಾರ ಪೆನ್ನು, ಕಾಗದದಲ್ಲೇ ಕೆಲಸ ನಡೆಸಿದರು. ಅಂಥವರ ಗತಿಯೇ ಹಾಗಾದರೆ ನಮ್ಮ ಊರಿನ ಆಸ್ಪತ್ರೆ ಯಾವ ಲೆಕ್ಕ? ಆಭಾ ಕಡ್ಡಾಯವಲ್ಲ ಅಂತ ನಿಯಮ ಇದೆ. ಕೌಂಟರ್‌ನಲ್ಲಿ ಅದನ್ನು ಹೇಳುವವರು ಯಾರು?

ಕೋಡ್‌ಗಾರ: ಒಂದು ತಿದ್ದುಪಡಿ. ಎಲ್ಲರ ದಾಖಲೆ ದೆಹಲಿಯ ಒಂದೇ ಪೆಟ್ಟಿಗೆಯಲ್ಲಿ ಇರುವುದಿಲ್ಲ. ಆಯಾ ಆಸ್ಪತ್ರೆಯಲ್ಲೇ ಇರುತ್ತದೆ. ರೋಗಿ ಒಪ್ಪಿದರೆ ಮಾತ್ರ ಇನ್ನೊಬ್ಬರಿಗೆ ಕಾಣುತ್ತದೆ.

ಅನುಮಾನಪ್ಪ: ಆಯಾ ಆಸ್ಪತ್ರೆ ಅಂದರೆ, ಪಾಸ್‌ವರ್ಡ್ ಚೀಟಿಯನ್ನು ಮಾನಿಟರ್ ಮೇಲೆ ಅಂಟಿಸಿರುವ ಆಸ್ಪತ್ರೆ ಅಲ್ವಾ? 😄

ಮ್ಯಾಂಚೆಸ್ಟರ್ ನರ್ಸ್: ಇದು ಭಾರತದ ಗೋಳು ಮಾತ್ರ ಅಲ್ಲ. ಇಂಗ್ಲೆಂಡಿನಲ್ಲಿ 2002ರಲ್ಲಿ ಇಡೀ ಎನ್‌ಎಚ್‌ಎಸ್‌ಗೆ, ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆ, ಒಂದು ದೊಡ್ಡ ಐಟಿ ಯೋಜನೆ ಶುರು ಮಾಡಿದರು. ಶತಕೋಟಿಗಟ್ಟಲೆ ಪೌಂಡ್ ಸುರಿದು 2011ರಲ್ಲಿ ಕೈಬಿಟ್ಟರು. ಅದಕ್ಕೂ ಮೊದಲೇ ಇಲ್ಲಿನ ಜಿಪಿ (ಫ್ಯಾಮಿಲಿ ಡಾಕ್ಟರ್) ಕ್ಲಿನಿಕ್‌ಗಳು ಕಂಪ್ಯೂಟರ್‌ಗೆ ಒಗ್ಗಿಕೊಂಡಿದ್ದವು. ಅಲ್ಲಿ ಕಂಪ್ಯೂಟರ್ ಬೇಕು ಅಂತ ಮುಂದೆ ಬಂದವರು ಡಾಕ್ಟರ್‌ಗಳೇ. ದೊಡ್ಡ ಯೋಜನೆ ಮೇಲಿನಿಂದ ಇಳಿದು ಬಂತು.

ತಾಲ್ಲೂಕು ಡಾಕ್ಟರ್: ಮೇಲಿನಿಂದ ಬಂದದ್ದೆಲ್ಲ ಸೋಲುತ್ತದೆ ಅನ್ನಲಾರೆ ಸಿಸ್ಟರ್. ಕೋವಿಡ್ ಲಸಿಕೆಯ ಕೋವಿನ್ ಪೋರ್ಟಲ್ ಕೂಡ ಮೇಲಿನಿಂದಲೇ ಬಂತು, ಶುರುವಿನ ಪರದಾಟ ಬಿಟ್ಟರೆ ನಡೆಯಿತು. ಯಾಕೆ? ಸೂಜಿ ಚುಚ್ಚುವವರು ಬೇರೆ, ಕಂಪ್ಯೂಟರ್ ಮುಂದೆ ಕೂರುವವರು ಬೇರೆ. ಜೊತೆಗೆ ಜನಕ್ಕೂ ಸರ್ಟಿಫಿಕೇಟ್ ಬೇಕಿತ್ತು. ನನಗೂ ಒಬ್ಬ ಆಪರೇಟರ್ ಕೊಡಿ, ನಾಳೆಯಿಂದಲೇ ಎಲ್ಲಾ ಡಿಜಿಟಲ್. ಸಾಫ್ಟ್‌ವೇರ್‌ಗೆ ದುಡ್ಡಿರುತ್ತದೆ, ಆಪರೇಟರ್‌ಗೆ ಇರುವುದಿಲ್ಲ.

ಕೋಡ್‌ಗಾರ: ಅಕ್ಕಾ, ನೆಟ್‌ವರ್ಕ್ ಇಲ್ಲದಾಗಲೂ ಓಡುವ ಆ್ಯಪ್ ಕೊಟ್ಟರೆ ಅನುಕೂಲ ಆಗುತ್ತದಾ?

ಆಶಾ ಅಕ್ಕ: ಆಗುತ್ತದೆ. ಆದರೆ ಆ್ಯಪ್ ಕೊಟ್ಟ ದಿನವೇ ಒಂದು ರಿಜಿಸ್ಟರ್ ನಿಲ್ಲಿಸಬೇಕು. ಈಗ ಹೊಸ ಆ್ಯಪ್ ಬಂದರೂ ಹಳೆಯ ಪುಸ್ತಕ ಹಾಗೇ ಇರುತ್ತದೆ. ಬರೆದದ್ದನ್ನೇ ಇನ್ನೊಮ್ಮೆ ಒತ್ತುವುದು.

ತಾಲ್ಲೂಕು ಡಾಕ್ಟರ್: ರಿಜಿಸ್ಟರ್ ನಿಲ್ಲಿಸುವುದು ನನ್ನ ಕೈಯಲ್ಲೂ ಇಲ್ಲ ತಾಯಿ. ತಪಾಸಣೆಗೆ ಬಂದವರು ಮೊದಲು ಕೇಳುವುದೇ ಅದನ್ನು.